ಗಣಕಯಂತ್ರಕ್ಕೆ ತಣ್ಣೀರಿನ ಉಪಚಾರ

ಮೇ ತಿಂಗಳಿನ ರಾಯಚೂರಿನ ಬಿಸಿಲನ್ನು ಉಂಡವರಿಗೆ ಅದನ್ನು ವರ್ಣಿಸಬೇಕಾಗಿಲ್ಲ. ಉಣ್ಣದವರಿಗೆ ಎಷ್ಟು ವರ್ಣಿಸಿದರೂ ಅದು ತಿಳಿಯಲಾರದು. ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಬೀದಿಯಲ್ಲಿ ನಾಯಿಗಳೂ ಸುಳಿಯುವುದಿಲ್ಲ. ಕಲ್ಲುಹಾಸಿನ ಮಾಳಿಗೆಯು ಹಗಲೆಲ್ಲ ಕುಡಿದ ಕಾವನ್ನು ರಾತ್ರಿಯಿಡೀ ಕೆಳಕ್ಕೆ ಸುರಿಯುತ್ತಿರುತ್ತದೆ. 2023ರ ಇಂತಹ ಒಂದು ಮಧ್ಯಾಹ್ನ ನನ್ನ ಹಳೆಯ ಗಣಕಯಂತ್ರವು ಒಮ್ಮೆ ಭೋರ್ಗರೆದು, ಒಮ್ಮೆಲೇ ಸುಮ್ಮನಾಗಿ, ಕಣ್ಣು ಮುಚ್ಚಿಕೊಂಡಿತು.

ಆ ಹೊತ್ತಿನಲ್ಲಿ ಅದು ಕೇಳಿಸಿಕೊಳ್ಳುತ್ತಿದ್ದುದು ನನ್ನ ಅಜ್ಜಿಯ ದನಿಯನ್ನು. ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದ ನನ್ನ ತಂದೆಯವರು 1986ರಲ್ಲಿ ಎರವಲು ತಂದ ಟೇಪ್ ರೆಕಾರ್ಡರಿನಲ್ಲಿ ಅಜ್ಜಿಯಿಂದ ಬೀಸುವ ಪದಗಳನ್ನು ಹಾಡಿಸಿ, 14 ಕ್ಯಾಸೆಟ್ಟುಗಳಲ್ಲಿ ತುಂಬಿಟ್ಟಿದ್ದರು. ಈಗ ತಂದೆಯವರೂ ಇಲ್ಲ, ಅಜ್ಜಿಯೂ ಇಲ್ಲ. ಉಳಿದಿರುವುದು ಆ ಕ್ಯಾಸೆಟ್ಟುಗಳು ಮಾತ್ರ. ಅವುಗಳಲ್ಲಿ ಎರಡಂತೂ ಮುಪ್ಪಡರಿ, ತಿರುಗಿದಾಗಲೆಲ್ಲ ಕಂದುಬಣ್ಣದ ಪುಡಿಯನ್ನು ಉದುರಿಸುತ್ತಿದ್ದುವು. ಆ ಪುಡಿಯೇ ಧ್ವನಿ. ಉದುರಿದರೆ ಅಷ್ಟು ಹಾಡು ಹೋದಂತೆಯೇ ಸರಿ. ಅಂಥ ಒಂದು ಕ್ಯಾಸೆಟ್ಟನ್ನು ಯಂತ್ರಕ್ಕೆ ಊಡಿಸುತ್ತ, ಅದೇ ವೇಳೆಗೆ ಇನ್ನೊಂದರ ಗೊರಗೊರ ಸದ್ದನ್ನು ತೆಗೆಯುವ ಕೆಲಸವನ್ನೂ ಅದಕ್ಕೇ ಹೊರಿಸಿದ್ದೆ. ಯಂತ್ರ ಕಾದು ನಿಂತಿತು; ಧ್ವನಿಮುದ್ರಣ ನಡುವಿನಲ್ಲಿಯೇ ಕಡಿಯಿತು. ಎರಡನೆಯ ಸಲ ತಿರುಗಿಸಿದಾಗ ಹನ್ನೆರಡು ನಿಮಿಷಗಳ ಹಾಡು ಗಾಳಿಯ ಸದ್ದಿನಂತೆ ಮಸುಕಾಗಿ ಹೋಗಿದ್ದಿತು. ತಪ್ಪು ಯಂತ್ರದ್ದಲ್ಲ, ನನ್ನ ಅವಸರದ್ದು.

ಅಂದಿನಿಂದ ರಾತ್ರಿಯ ಹೊತ್ತು ಬೇರಾವ ಕೆಲಸವನ್ನೂ ಕೊಡದೆ ಮಿಕ್ಕ ಕ್ಯಾಸೆಟ್ಟುಗಳನ್ನೆಲ್ಲ ಯಂತ್ರಕ್ಕೆ ಇಳಿಸಿದ್ದಾಯಿತು. ಆದರೆ ಧ್ವನಿಯನ್ನು ಶುದ್ಧಗೊಳಿಸುವ ಕೆಲಸ ಹಾಗಲ್ಲ. ಒಂದೊಂದು ಕ್ಯಾಸೆಟ್ಟಿಗೂ ಯಂತ್ರವು ಗಂಟೆಗಟ್ಟಲೆ ಬಿಡದೆ ದುಡಿಯಬೇಕು. ಅರ್ಧದಾರಿಯಲ್ಲಿ ನಿಂತರೆ ಮತ್ತೆ ಮೊದಲಿನಿಂದ ಆರಂಭ. ಅಲ್ಲದೆ ಒಳಗಿನ ಪುಟ್ಟ ಫ್ಯಾನು ಮಾಡುವ ಆರ್ಭಟದಲ್ಲಿ, ನಾನು ಕೇಳುತ್ತಿರುವುದು ಟೇಪಿನ ಸದ್ದೋ ಫ್ಯಾನಿನ ಸದ್ದೋ ತಿಳಿಯುವಂತಿರಲಿಲ್ಲ. ಕೋಣೆಗೆ ವಾತಾನುಕೂಲ ಯಂತ್ರವನ್ನು ಹಾಕಿಸೋಣವೆಂದರೆ, ಅತಿಥಿ ಉಪನ್ಯಾಸಕನಾದವನಿಗೆ ಬೇಸಿಗೆ ರಜೆಯೆಂದರೆ ಸಂಬಳಕ್ಕೂ ರಜೆ.

ಆಗ ರಜೆಗೆ ಬಂದಿದ್ದ ನನ್ನ ಅಕ್ಕನ ಮಗ, ಎಂಜಿನಿಯರಿಂಗ್ ಓದುವ ಹುಡುಗ, ಯಂತ್ರದ ಬೆನ್ನಿನ ಮೇಲೆ ಕೈಯಿಟ್ಟು ನೋಡಿ, “ಮಾಮಾ, ಇದರ ತೆಲಿ ಕಾದದ. ನೀರು ಹಾಕೋಣೇನು?” ಎಂದನು. ನಾನು ನಕ್ಕೆ. ಅವನು ನಗಲಿಲ್ಲ.

ಕಾಯುವುದೇಕೆ?

ಗಣಕಯಂತ್ರವು ಲೆಕ್ಕ ಮಾಡುವುದು ಪ್ರೊಸೆಸರ್ ಎಂಬ ಸಿಲಿಕಾನ್ ಬಿಲ್ಲೆಯಲ್ಲಿ. ಅದರೊಳಗೆ ಕೋಟಿಗಟ್ಟಲೆ ಸೂಕ್ಷ್ಮ ಗುಂಡಿಗಳು ಪ್ರತಿಕ್ಷಣವೂ ತೆರೆದು ಮುಚ್ಚುತ್ತಿರುತ್ತವೆ. ಪ್ರತಿ ಸಲ ತೆರೆದು ಮುಚ್ಚುವಾಗಲೂ ಎಳ್ಳಿನಷ್ಟು ವಿದ್ಯುತ್ತು ವ್ಯಯವಾಗುತ್ತದೆ. ಹಾಗೆ ವ್ಯಯವಾದ ವಿದ್ಯುತ್ತೆಲ್ಲವೂ ಕಟ್ಟಕಡೆಗೆ ಶಾಖವಾಗಿಯೇ ಪರಿಣಮಿಸುತ್ತದೆ. ನನ್ನ ಯಂತ್ರದ ಪ್ರೊಸೆಸರು ಪೂರ್ಣವಾಗಿ ದುಡಿಯುವಾಗ 95 ವ್ಯಾಟ್ ವಿದ್ಯುತ್ತನ್ನು ನುಂಗುತ್ತದೆ. ಇದೇನು ಮಹಾ, ಬಟ್ಟೆ ಇಸ್ತ್ರಿ ಮಾಡುವ ಪೆಟ್ಟಿಗೆಯೇ 1000 ವ್ಯಾಟ್ ನುಂಗುವುದಿಲ್ಲವೇ ಎಂದು ಕೇಳಬಹುದು. ಆದರೆ ಇಸ್ತ್ರಿಪೆಟ್ಟಿಗೆಯ ತಳ ಸುಮಾರು 200 ಚದರ ಸೆಂಟಿಮೀಟರಿನಷ್ಟು ಅಗಲ. ಈ ಬಿಲ್ಲೆಯಾದರೋ ಹೆಬ್ಬೆರಳಿನ ಉಗುರಿನಷ್ಟು, ಸುಮಾರು 2 ಚದರ ಸೆಂಟಿಮೀಟರು. ಲೆಕ್ಕ ಹಾಕಿದರೆ, ಅಂಗುಲಕ್ಕೆ ಅಂಗುಲ, ಬಿಲ್ಲೆಯ ಕಾವು ಇಸ್ತ್ರಿಪೆಟ್ಟಿಗೆಯದಕ್ಕಿಂತ ಒಂಬತ್ತು ಹತ್ತು ಪಟ್ಟು ಹೆಚ್ಚು. ಇದನ್ನು ತೆಗೆದು ಹಾಕದಿದ್ದರೆ ಬಿಲ್ಲೆ ಸುಟ್ಟುಹೋಗುವುದು ಖಂಡಿತ. ಆದುದರಿಂದಲೇ ಈಗಿನ ಪ್ರೊಸೆಸರುಗಳು ಸುಮಾರು 100 ಡಿಗ್ರಿ ಸೆಲ್ಸಿಯಸ್ ತಲಪುತ್ತಿದ್ದಂತೆ ಮೊದಲು ನಿಧಾನಿಸುತ್ತವೆ. ಆಗಲೂ ಕಾವು ಇಳಿಯದಿದ್ದರೆ ತಾವಾಗಿಯೇ ನಿಂತುಬಿಡುತ್ತವೆ.

ಹಿರಿಯರ ಹಾದಿ

ಈ ತೊಂದರೆ ಇಂದಿನದಲ್ಲ. ಗಣಕಯಂತ್ರದ ಜೊತೆಯಲ್ಲಿಯೇ ಹುಟ್ಟಿದುದು. 1946ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಲೋಕಕ್ಕೆ ಪರಿಚಯವಾದ ‘ಎನಿಯಾಕ್’ ಯಂತ್ರದಲ್ಲಿ ಸುಮಾರು 18,000 ವಾಲ್ವುಗಳಿದ್ದವು. ಸುಮಾರು 150 ಕಿಲೋವ್ಯಾಟ್ ವಿದ್ಯುತ್ತನ್ನು ನುಂಗುತ್ತಿದ್ದ ಅದಕ್ಕೆ ದೊಡ್ಡ ಬೀಸುಯಂತ್ರಗಳಿಂದ ಗಾಳಿ ಹಾಕಬೇಕಾಗುತ್ತಿತ್ತು. 1967ರಲ್ಲಿ ಬಳಕೆಗೆ ಬಂದ ಐಬಿಎಂ 360 ಶ್ರೇಣಿಯ 91ನೆಯ ಮಾದರಿಗೆ ಗಾಳಿ ಸಾಲದೆ ನೀರನ್ನೇ ಹರಿಸಿದರು. 1980ರಲ್ಲಿ ಅದೇ ಸಂಸ್ಥೆ ಪ್ರಕಟಿಸಿದ 3081 ಯಂತ್ರದಲ್ಲಿ ಇನ್ನೂ ಜಾಣತನದ ಏರ್ಪಾಡಿತ್ತು: ಒಂದೊಂದು ಬಿಲ್ಲೆಯ ಬೆನ್ನನ್ನೂ ಸ್ಪ್ರಿಂಗ್ ಒತ್ತಿದ ಪುಟ್ಟ ಅಲ್ಯೂಮಿನಿಯಂ ಕೊಂತ ಮುಟ್ಟುತ್ತಿತ್ತು, ಸುತ್ತಲಿನ ಸಂದುಗಳಲ್ಲಿ ಹೀಲಿಯಂ ಅನಿಲ, ಮೇಲುಗಡೆ ತಣ್ಣೀರು ಹರಿಯುವ ತಟ್ಟೆ. ಸೀಮೋರ್ ಕ್ರೇ ಎಂಬ ಪ್ರತಿಭಾಶಾಲಿಯು 1976ರಲ್ಲಿ ನಿರ್ಮಿಸಿದ ಕ್ರೇ-1 ಯಂತ್ರಕ್ಕೆ ಶೀತಕ ಪೆಟ್ಟಿಗೆಗಳಲ್ಲಿ ಬಳಸುತ್ತಿದ್ದ ಫ್ರಿಯಾನನ್ನು ಉಪಯೋಗಿಸಿದನು. 1985ರ ಕ್ರೇ-2 ಯಂತ್ರವನ್ನಂತೂ, ವಿದ್ಯುತ್ತನ್ನು ಹರಿಯಗೊಡದ ವಿಶೇಷ ದ್ರವದಲ್ಲಿ ಉಪ್ಪಿನಕಾಯಿಯಂತೆ ಮುಳುಗಿಸಿಯೇ ಇಟ್ಟನು!

ಇವೆಲ್ಲ ರಾಜವೈಭವದ ಯಂತ್ರಗಳ ಮಾತು. ಮನೆಯ ಗಣಕಯಂತ್ರಕ್ಕೆ ಬಹುಕಾಲ ಇದಾವುದೂ ಬೇಕಾಗಿರಲಿಲ್ಲ. 1993ರಲ್ಲಿ ಪೆಂಟಿಯಂ ಪ್ರೊಸೆಸರು ಬಂದ ಮೇಲೆ ಅದರ ತಲೆಯ ಮೇಲೊಂದು ಫ್ಯಾನು ಕಡ್ಡಾಯವಾಯಿತೆನ್ನಬಹುದು. ಆಮೇಲೆ ಬಂದಿತು ಹುಡುಗರ ಸಾಹಸದ ಕಾಲ. 1998ರಲ್ಲಿ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರು ಮಾರುಕಟ್ಟೆಗೆ ಬಂದಿತು. ಅದರ ನಿಗದಿತ ವೇಗ 300 ಮೆಗಾಹರ್ಟ್ಸ್. ಮುಖ್ಯ ಫಲಕದ ತಾಳವನ್ನು 66ರಿಂದ 100ಕ್ಕೆ ಏರಿಸಿದರೆ ಅದೇ ಪ್ರೊಸೆಸರು 450ರ ವೇಗದಲ್ಲಿ ಓಡುತ್ತದೆಂಬುದನ್ನು ಹವ್ಯಾಸಿಗಳು ಕಂಡುಕೊಂಡರು. ಒಂದಕ್ಕೆ ಒಂದೂವರೆ! ಆದರೆ ವೇಗ ಹೆಚ್ಚಿದಷ್ಟೂ ಕಾವು ಹೆಚ್ಚು. ವೇಗಕ್ಕಾಗಿ ವೋಲ್ಟೇಜನ್ನು ಏರಿಸಿದರಂತೂ ಅದರ ವರ್ಗದ ಪ್ರಮಾಣದಲ್ಲಿ ಕಾವು ಏರುತ್ತದೆ. ಗಾಳಿ ಸಾಲದೆ ಬಂದಾಗ ಅವರು ನೀರಿನ ಕಡೆಗೆ ತಿರುಗಿದರು.

ಸಿದ್ಧ ಸಾಮಗ್ರಿಗಳು ದುರ್ಲಭವಾಗಿದ್ದ ಕಾಲವದು. ಮೀನಿನ ತೊಟ್ಟಿಯ ಪಂಪು, ಕೈಯಿಂದ ಕೊರೆದ ತಾಮ್ರದ ಗಟ್ಟಿ, ಅಂಗಡಿಯ ಪ್ಲಾಸ್ಟಿಕ್ ಕೊಳವೆ, ಗುಜರಿಯಿಂದ ತಂದ ಕಾರಿನ ಹೀಟರಿನ ಪುಟ್ಟ ರೇಡಿಯೇಟರು, ಇವೇ ಅವರ ಸಂಪತ್ತು. ಅಮೆರಿಕದ ಹವ್ಯಾಸಿಗಳ ನಡುವೆ 1977ರ ಪಾಂಟಿಯಾಕ್ ಬಾನೆವಿಲ್ ಕಾರಿನ ಹೀಟರ್ ರೇಡಿಯೇಟರಿಗೆ ಬಂದ ಕೀರ್ತಿ ಆ ಕಾರಿಗೂ ಬಂದಿರಲಾರದು. ಅಳತೆಯಲ್ಲಿ ಅದು ಅವರ ಫ್ಯಾನುಗಳಿಗೆ ಚೆನ್ನಾಗಿ ಹೊಂದುತ್ತಿದ್ದುದೇ ಕಾರಣ. ಇಂದು ಎಲ್ಲವನ್ನೂ ಜೋಡಿಸಿ ಮುಚ್ಚಿದ ಸಿದ್ಧ ಘಟಕಗಳು ಅಂಗಡಿಯಲ್ಲಿಯೇ ಸಿಗುತ್ತವೆ. ನಮ್ಮ ದಾರಿ ಮಾತ್ರ ಆ ಹಳೆಯ ಹವ್ಯಾಸಿಗಳದೇ ಆಯಿತು. ಕಾರಣ, ನಮ್ಮಲ್ಲಿ ಹಣ ಕಡಿಮೆ, ಹೊತ್ತು ಧಾರಾಳ.

ನೀರಿನ ಗುಣ

ನೀರೇ ಏಕೆ? ಒಂದು ಲೀಟರು ನೀರನ್ನು ಒಂದು ಡಿಗ್ರಿ ಬಿಸಿಮಾಡಲು ಸುಮಾರು 4,180 ಜೂಲ್ ಶಾಖ ಬೇಕು. ಒಂದು ಲೀಟರು ಗಾಳಿಗೆ ಒಂದೂಕಾಲು ಜೂಲಿನಷ್ಟು ಸಾಕು. ಎಂದರೆ ಅದೇ ಗಾತ್ರದ ಗಾಳಿಗಿಂತ ನೀರು ಮೂರು ಸಾವಿರ ಪಟ್ಟಿಗೂ ಮಿಕ್ಕಿ ಶಾಖವನ್ನು ಹೊರಬಲ್ಲದು. ನಮ್ಮ ಪಂಪು ನಿಮಿಷಕ್ಕೆ ನಾಲ್ಕು ಲೀಟರು ನೀರನ್ನು ತಳ್ಳುತ್ತದೆಂದಿಟ್ಟುಕೊಳ್ಳಿ. 95 ವ್ಯಾಟ್ ಶಾಖವನ್ನು ಹೊತ್ತರೂ ಬಿಲ್ಲೆಯನ್ನು ದಾಟಿ ಬರುವ ನೀರಿನ ಬಿಸಿ ಅರ್ಧ ಡಿಗ್ರಿಯಷ್ಟೂ ಏರುವುದಿಲ್ಲ.

ಹಾಗಾದರೆ ಒಂದು ತಂಬಿಗೆ ನೀರಿದ್ದರೆ ಸಾಕಲ್ಲ, ರೇಡಿಯೇಟರು ಏತಕ್ಕೆ? ಇಲ್ಲಿಯೇ ಹಲವರು ಎಡವುವುದು. ನೀರು ಶಾಖವನ್ನು ಹೊರುತ್ತದೆ, ಕೊಲ್ಲುವುದಿಲ್ಲ. ಒಂದೇ ಲೀಟರು ನೀರನ್ನು ಸುಮ್ಮನೆ ಸುತ್ತಿಸುತ್ತಿದ್ದರೆ, ಅರ್ಧ ಗಂಟೆಯೊಳಗಾಗಿ ಅದು 30 ಡಿಗ್ರಿಯಿಂದ ಸುಮಾರು 70ಕ್ಕೆ ಏರಿ ಸ್ನಾನದ ಹಂಡೆಯಾಗುತ್ತದೆ. ಹೊತ್ತು ತಂದ ಶಾಖವನ್ನು ಎಲ್ಲಿಯಾದರೂ ಇಳಿಸಬೇಕು. ಆ ಇಳಿಸುವ ಕಟ್ಟೆಯೇ ರೇಡಿಯೇಟರು. ಹಳೆಯ ಲಾರಿಗಳ ಚಾಲಕರು ದಾರಿಯಲ್ಲಿ ನಿಲ್ಲಿಸಿ, ಮುಂದಿನ ಮುಚ್ಚಳ ತೆರೆದು ನೀರು ಸುರಿಯುತ್ತಿದ್ದುದನ್ನು ಕಂಡವರಿಗೆ ಇದು ಹೊಸತಲ್ಲ.

ಇನ್ನೊಂದು ಮಾತು. ಇಂತಹ ಮುಚ್ಚಿದ ಸುತ್ತಿನಲ್ಲಿ ಹರಿಯುವ ನೀರು ಕೋಣೆಯ ಗಾಳಿಗಿಂತ ತಣ್ಣಗಾಗುವುದು ಸಾಧ್ಯವಿಲ್ಲ. ಮಣ್ಣಿನ ಗಡಿಗೆಯ ನೀರು ಹೇಗೆ ತಣ್ಣಗಾಗುತ್ತದೆ ಎನ್ನುವಿರಾ? ಗಡಿಗೆಯು ಬೆವರುತ್ತದೆ, ಬೆವರು ಆವಿಯಾಗುವಾಗ ಶಾಖವನ್ನು ಸೆಳೆದೊಯ್ಯುತ್ತದೆ. ಅಲ್ಲಿ ನೀರು ಖರ್ಚಾಗುತ್ತದೆ. ಇಲ್ಲಿ ಖರ್ಚಿಲ್ಲ, ಆ ಲಾಭವೂ ಇಲ್ಲ. “ಊರಾಗ ಮಂದಿಗೇ ನೀರಿಲ್ಲ, ನಿನ್ನ ಮಿಷನ್ನಿಗೆ ಎಲ್ಲಿಂದ ತರ್ತಿ?” ಎಂದು ತಾಯಿಯವರು ಗದರಿಸಿದಾಗ ನಾನು ಕೊಟ್ಟ ಉತ್ತರವೂ ಇದೇ: ಒಮ್ಮೆ ತುಂಬಿದ ಒಂದೂವರೆ ಲೀಟರು ವರ್ಷಕ್ಕೆ ಸಾಕು. ಆದರೆ ಅವರ ಪ್ರಶ್ನೆ ಹುಸಿಯಲ್ಲ. ಸಾವಿರಾರು ಯಂತ್ರಗಳನ್ನು ಒಟ್ಟಿಗೆ ದುಡಿಸುವ ದೊಡ್ಡ ಕೇಂದ್ರಗಳಲ್ಲಿ ಹಲವು ಗಡಿಗೆಯ ವಿಧಾನವನ್ನೇ ಅನುಸರಿಸಿ, ಗೋಪುರಗಳಲ್ಲಿ ನೀರನ್ನು ಆವಿಯಾಗಿಸುತ್ತವೆ. ನೀರಿಗೆ ಬರಗಾಲವಿರುವ ಊರಿನಲ್ಲಿ ಅಂತಹ ಕೇಂದ್ರವನ್ನು ಕಟ್ಟುವಾಗ ಈ ಪ್ರಶ್ನೆಯನ್ನು ಕೇಳಲೇಬೇಕು.

ಗುಜರಿ ಬಜಾರಿನಲ್ಲಿ

ನಾಲ್ಕು ದಿನ ಮಾವ ಅಳಿಯಂದಿರಿಬ್ಬರೂ ಬಿಸಿಲಿನಲ್ಲಿ ಅಲೆದೆವು. ವಿದ್ಯುತ್ ಕೆಲಸದ ಗುತ್ತಿಗೆದಾರರೊಬ್ಬರ ಬಳಿ 12 ಮಿಲಿಮೀಟರು ದಪ್ಪದ ತಾಮ್ರದ ಪಟ್ಟಿಯ ತುಂಡು ದೊರೆಯಿತು. ಅದನ್ನು ಅಂಗೈಗಿಂತ ಚಿಕ್ಕದಾದ ಚೌಕಕ್ಕೆ ಕೊಯ್ಯಿಸಿ, ಲೇತ್ ಅಂಗಡಿಯಲ್ಲಿ ಅಂಚಿನಿಂದ ಅಂಚಿಗೆ ಉದ್ದಕ್ಕೆ ನಾಲ್ಕು, ಅಡ್ಡಕ್ಕೆ ಎರಡು ರಂಧ್ರಗಳನ್ನು ಕೊರೆಯಿಸಿದೆವು. ನೀರು ಒಳಹೊಗಲು ಒಂದು, ಹೊರಬರಲು ಒಂದು, ಹೀಗೆ ಎರಡು ಬಾಯಿಗಳಿಗೆ ಹಿತ್ತಾಳೆಯ ನಳಿಗೆಗಳನ್ನು ಕೂರಿಸಿ, ಮಿಕ್ಕ ಬಾಯಿಗಳನ್ನು ಹಿತ್ತಾಳೆಯ ಸ್ಕ್ರೂಗಳಿಂದ ಮುಚ್ಚಿ ಬೆಸುಗೆ ಹಾಕಿಸಿದೆವು. ಬಿಲ್ಲೆಯನ್ನು ಮುಟ್ಟುವ ತಳವನ್ನು ಗಾಜಿನ ಹಲಗೆಯ ಮೇಲೆ ಹರವಿದ ಉಜ್ಜುಕಾಗದದಲ್ಲಿ ಒರಟಿನಿಂದ ನಯಕ್ಕೆ ತಿಕ್ಕಿ, ಮುಖ ಕಾಣುವಂತೆ ಮಾಡಲು ಹುಡುಗನಿಗೆ ಒಂದಿಡೀ ಸಂಜೆ ಹಿಡಿಯಿತು. ಎಷ್ಟು ಸಮತಟ್ಟಾದರೂ ಉಳಿಯುವ ಸೂಕ್ಷ್ಮ ಸಂದುಗಳನ್ನು ತುಂಬಲು ಶಾಖವಾಹಕ ಲೇಪವೊಂದು ಬೇಕು, ಅದೂ ತೆಳ್ಳಗೆ. ದಪ್ಪವಾಗಿ ಬಳಿದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು.

ಪಂಪಿನ ವಿಷಯದಲ್ಲಿ ಹುಡುಗ ಹಟ ಹಿಡಿದನು. ಮೀನಿನ ತೊಟ್ಟಿಯ ಪಂಪು ಅಗ್ಗವೇನೋ ಹೌದು. ಆದರೆ ಅದು 230 ವೋಲ್ಟಿನದು. ನೀರು, ತಾಮ್ರ, ಮನೆಯ ವಿದ್ಯುತ್ತು, ಈ ಮೂರನ್ನು ಒಂದೆಡೆ ಸೇರಿಸುವುದು ಬೇಡವೆಂದು ಗಣಕಯಂತ್ರದ ಒಳಗಿನಿಂದಲೇ ನಡೆಯುವ 12 ವೋಲ್ಟಿನ ಪಂಪನ್ನು ತರಿಸಿದೆವು. ಕರೆಂಟು ಹೋದರೆ ಎರಡೂ ಒಟ್ಟಿಗೆ ನಿಲ್ಲುತ್ತವೆಂಬ ಅನುಕೂಲವೂ ಇದರಲ್ಲಿತ್ತು. ನೀರಿನ ವಿಷಯದಲ್ಲಿ ಹಟ ಹಿಡಿದವನು ನಾನು. ನಮ್ಮ ಬೋರಿನ ನೀರನ್ನು ಕುದಿಸಿದ ಪಾತ್ರೆಯ ತಳದಲ್ಲಿ ಕೂರುವ ಬಿಳಿಯ ಪದರವನ್ನು ಕಂಡವನಿಗೆ ಅದನ್ನು ಆ ಸಣ್ಣ ರಂಧ್ರಗಳೊಳಗೆ ಬಿಡಲು ಧೈರ್ಯ ಬಾರದು. ಬ್ಯಾಟರಿಗೆ ಹಾಕುವ ಭಟ್ಟಿಯಿಳಿಸಿದ ನೀರನ್ನು ತಂದು, ಅದಕ್ಕೆ ಕಾರುಗಳಲ್ಲಿ ಬಳಸುವ ಹಸಿರು ಕೂಲೆಂಟನ್ನು ತಕ್ಕಮಟ್ಟಿಗೆ ಬೆರೆಸಿದೆವು. ಲೋಹವು ಕಿಲುಬು ಹಿಡಿಯದಂತೆ ಅದು ಕಾಯುತ್ತದೆ. ಆದರೆ ಅದು ವಿಷ. ಮಕ್ಕಳ ಕೈಗೂ ಬೆಕ್ಕಿನ ಬಾಯಿಗೂ ಸಿಗದಂತಿರಬೇಕು.

ರೇಡಿಯೇಟರು ದೊರೆತುದು ಗುಜರಿ ಅಂಗಡಿಯಲ್ಲಿ, ಹಳೆಯ ಕಾರೊಂದರ ಹೀಟರಿನದು. ಅದು ಹಿತ್ತಾಳೆ ತಾಮ್ರಗಳದೆಂದು ಕೆರೆದು ನೋಡಿಯೇ ಕೊಂಡೆವು. ಅಲ್ಯೂಮಿನಿಯಂ ಆಗಿದ್ದರೆ, ಒಂದೇ ನೀರಿನಲ್ಲಿ ತಾಮ್ರದ ಜೊತೆ ಕೂಡಿ ಬ್ಯಾಟರಿಯಂತೆ ವರ್ತಿಸಿ ತಾನೇ ಸವೆದುಹೋಗುತ್ತಿತ್ತು.

ಒಂದು ಹನಿ

ಆ ರೇಡಿಯೇಟರನ್ನು ರಿಪೇರಿ ಅಂಗಡಿಗೆ ಒಯ್ದಾಗ, ಅಲ್ಲಿನ ಹಿರಿಯರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಒಂದು ಬಾಯನ್ನು ಮುಚ್ಚಿ, ಇನ್ನೊಂದರಿಂದ ಗಾಳಿ ತುಂಬಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿದರು. ಮೂಲೆಯೊಂದರಿಂದ ಸಾಸಿವೆಯಂತಹ ಗುಳ್ಳೆಗಳು ಸಾಲಾಗಿ ಎದ್ದುವು. “ಸರ್, ಇಂಥ ತೂತು ಕಣ್ಣಿಗೆ ಕಾಣಂಗಿಲ್ರೀ. ನೀರಾಗ ಮುಳುಗಿಸಿದರ ತಾನೇ ಹೇಳ್ತದ” ಎಂದರು. ಬೆಸುಗೆ ಹಾಕಿದ ಮೇಲೆ ಮತ್ತೊಮ್ಮೆ ಮುಳುಗಿಸಿದರು, ಆಮೇಲೆ ಇನ್ನೊಮ್ಮೆ. ನಾನು ಹೊರಡಲು ಅವಸರಪಡುತ್ತಿದ್ದುದನ್ನು ಕಂಡು, “ಮನಿಗೆ ಹೋಗಿ ಎಲ್ಲಾ ಜೋಡಿಸಿದ ಮ್ಯಾಲ ಒಂದು ದಿನಾ ಹಂಗ ಬಿಡ್ರೀ. ಮಿಷನ್ನಿಗೆ ಹಚ್ಚಬ್ಯಾಡ್ರಿ” ಎಂದು ಎಚ್ಚರಿಸಿದರು.

ಅದರಂತೆಯೇ ಮಾಡಿದೆವು. ಗಣಕಯಂತ್ರವನ್ನು ದೂರವಿಟ್ಟು, ನೆಲದ ಮೇಲೆ ಹಳೆಯ ಪತ್ರಿಕೆಗಳನ್ನು ಹಾಸಿ, ತಾಮ್ರದ ಗಟ್ಟಿ, ರೇಡಿಯೇಟರು, ಪಂಪು ಮತ್ತು ನೀರಿನ ಡಬ್ಬಿಗಳನ್ನು ಕೊಳವೆಗಳಿಂದ ಕೂಡಿಸಿ, ಕ್ಲಿಪ್ಪುಗಳನ್ನು ಬಿಗಿದು ಪಂಪನ್ನು ನಡೆಸಿದೆವು. ನೀರು ಗುಳುಗುಳು ಸದ್ದು ಮಾಡುತ್ತ ಓಡಿತು. ರೇಡಿಯೇಟರನ್ನು ಅತ್ತಿತ್ತ ವಾಲಿಸಿದಾಗ ಒಳಗೆ ಸಿಕ್ಕಿದ್ದ ಗಾಳಿ ಹೊರಬಂದು ಸದ್ದಡಗಿತು. ಸಂಜೆಯಾಯಿತು, ಏನೂ ಆಗಲಿಲ್ಲ. ಊಟವಾಯಿತು, ಏನೂ ಆಗಲಿಲ್ಲ. ಇನ್ನು ಜೋಡಿಸಿಯೇ ಬಿಡೋಣವೆಂದು ನನ್ನ ಮನಸ್ಸು ತುಡಿಯುತ್ತಿತ್ತು. ಹನ್ನೆರಡು ನಿಮಿಷಗಳ ಹಾಡನ್ನು ನುಂಗಿದ ಆ ಅವಸರವೇ ಮತ್ತೆ ಬಂದಿತೆಂದು ತಿಳಿದು, ದೀಪವಾರಿಸಿ ಮಲಗಿದೆ.

ಬೆಳಿಗ್ಗೆ ಎದ್ದು ನೋಡಿದರೆ ಪತ್ರಿಕೆಯ ಮೇಲೆ ರೂಪಾಯಿ ನಾಣ್ಯದಷ್ಟು ಅಗಲದ ಹಸಿರು ಕಲೆ! ತಾಮ್ರದ ಗಟ್ಟಿಯ ಸ್ಕ್ರೂವೊಂದರ ಬದಿಯಿಂದ ರಾತ್ರಿಯೆಲ್ಲ ಒಂದೆರಡು ಹನಿ ಒಸರಿದ್ದಿತು. ಹಿಂದಿನ ಸಂಜೆ ಜೋಡಿಸಿದ್ದರೆ ಆ ಹನಿ ಬೀಳುತ್ತಿದ್ದುದು ವಿದ್ಯುತ್ತು ಹರಿಯುವ ಮುಖ್ಯ ಫಲಕದ ಮೇಲೆ. ಭಟ್ಟಿಯಿಳಿಸಿದ ನೀರು ವಿದ್ಯುತ್ತನ್ನು ಅಷ್ಟಾಗಿ ಹರಿಯಗೊಡದೆಂಬುದು ನಿಜ. ಆದರೆ ಲೋಹದ ಸಹವಾಸವಾದ ಮೇಲೆ, ಅದರಲ್ಲಿಯೂ ಕೂಲೆಂಟು ಬೆರೆತ ಮೇಲೆ, ಆ ಸಾಧುತನ ಉಳಿಯುವುದಿಲ್ಲ. ಗಟ್ಟಿಯನ್ನು ಕಳಚಿ ಮತ್ತೆ ಬೆಸುಗೆ ಹಾಕಿಸಿ, ಮತ್ತೆ ಇಪ್ಪತ್ತನಾಲ್ಕು ಗಂಟೆ ಕಾದೆವು. ಈ ಸಲ ಕಾಗದ ಒಣಗಿಯೇ ಇದ್ದಿತು.

ಫಲಿತಾಂಶ

ಯಂತ್ರಕ್ಕೆ ಜೋಡಿಸಲೆಂದು ಹಳೆಯ ಫ್ಯಾನನ್ನು ಬಿಚ್ಚಿದಾಗ ಅದರ ಕೆಳಗಿನ ರೆಕ್ಕೆಗಳ ನಡುವೆ ಧೂಳು ಕಂಬಳಿಯಂತೆ ಹೆಪ್ಪುಗಟ್ಟಿದ್ದಿತು! ನಾಚಿಕೆಯಾದರೂ ಹೇಳುತ್ತೇನೆ. ಅದನ್ನು ತೆಗೆದು, ಲೇಪವನ್ನು ಹೊಸದಾಗಿ ಬಳಿದು, ಪರೀಕ್ಷೆಗೆಂದು ಹಳೆಯ ಫ್ಯಾನನ್ನೇ ಮತ್ತೆ ಕೂರಿಸಿ ನೋಡಿದೆವು. ಪೂರ್ಣ ದುಡಿಮೆಯಲ್ಲಿ 98ನ್ನು ಮುಟ್ಟಿ ನಿಲ್ಲುತ್ತಿದ್ದ ಪ್ರೊಸೆಸರು 83 ಡಿಗ್ರಿಯಲ್ಲಿ ನಿಂತಿತು. ಎಂದರೆ ನನ್ನ ಕಷ್ಟದ ಅರ್ಧಭಾಗ ಒಂದು ಬ್ರಶ್ಶಿನಿಂದ ಪರಿಹಾರವಾಗುವಂತಹುದಾಗಿತ್ತು. ಆದರೆ ಫ್ಯಾನಿನ ಆರ್ಭಟ ಮಾತ್ರ ಹಾಗೆಯೇ ಇತ್ತು.

ಬಳಿಕ ನೀರಿನ ಏರ್ಪಾಡನ್ನು ಜೋಡಿಸಿದೆವು. ರೇಡಿಯೇಟರನ್ನು ಪೆಟ್ಟಿಗೆಯ ಹೊರಗೆ ಕಿಟಕಿಯ ಬಳಿ ಇಟ್ಟು, ಅದಕ್ಕೆ ನಿಧಾನವಾಗಿ ತಿರುಗುವ ಎರಡು ದೊಡ್ಡ ಫ್ಯಾನುಗಳನ್ನು ಕಟ್ಟಿದೆವು. ಕೊಳವೆಗಳು ಫಲಕದ ಮೇಲೆ ಹಾಯದಂತೆ, ಜಿನುಗಿದರೂ ಹನಿ ಹೊರಗೆ ಬೀಳುವಂತೆ ಬಾಗಿಸಿದೆವು. ಕೋಣೆಯಲ್ಲಿ 38 ಡಿಗ್ರಿ ಇರುವಾಗ, ಎರಡು ಗಂಟೆ ಎಡೆಬಿಡದೆ ದುಡಿಸಿದ ಮೇಲೆಯೂ ಪ್ರೊಸೆಸರು 65 ಡಿಗ್ರಿಯನ್ನು ದಾಟಲಿಲ್ಲ. ಖರ್ಚಾದದ್ದು ಒಟ್ಟು 3,800 ರೂಪಾಯಿ. ಅದಕ್ಕಿಂತ ಮಿಗಿಲಾದುದು, ಕೋಣೆಯಲ್ಲಿ ನೆಲೆಸಿದ ನಿಶ್ಶಬ್ದ. ಗಡಿಯಾರದ ಟಿಕ್‌ಟಿಕ್ ಕೇಳಿಸಿತು.

ದೊಡ್ಡ ಯಂತ್ರಗಳ ಲೋಕವೂ ಈಗ ಮರಳಿ ನೀರಿಗೇ ಬಂದಿದೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್ಕಿನಲ್ಲಿ 2010ರಲ್ಲಿ ಆರಂಭವಾದ ‘ಆಕ್ವಾಸಾರ್’ ಎಂಬ ಗಣಕಯಂತ್ರಕ್ಕೆ ಸುಮಾರು 60 ಡಿಗ್ರಿಯ ಬಿಸಿನೀರನ್ನೇ ಹರಿಸಿ, ಅದು ಹೊತ್ತು ತಂದ ಶಾಖದಿಂದ ಅಲ್ಲಿನ ಕಟ್ಟಡಗಳನ್ನು ಬೆಚ್ಚಗಿಡುವ ಪ್ರಯೋಗ ನಡೆಯಿತು. ಚಳಿಯ ನಾಡಿಗೆ ಅದು ವರ, ರಾಯಚೂರಿಗಲ್ಲ!

ಅಜ್ಜಿಯ ದನಿ

ಜುಲೈ ನಡುವಿನ ಹೊತ್ತಿಗೆ ಹದಿನಾಲ್ಕು ಕ್ಯಾಸೆಟ್ಟುಗಳ ಕೆಲಸವೂ ಮುಗಿಯಿತು. ಯಂತ್ರವು ಒಮ್ಮೆಯೂ ನಡುವೆ ನಿಲ್ಲಲಿಲ್ಲ. ಹಾಡುಗಳ ಮೂರು ಪ್ರತಿಗಳನ್ನು ಮಾಡಿ, ಒಂದನ್ನು ಮನೆಯಲ್ಲಿಯೂ, ಒಂದನ್ನು ಅಕ್ಕನ ಊರಿನಲ್ಲಿಯೂ, ಮತ್ತೊಂದನ್ನು ಕಾಲೇಜಿನ ಸ್ನೇಹಿತರೊಬ್ಬರಲ್ಲಿಯೂ ಇಟ್ಟಿದ್ದೇನೆ. ಎಷ್ಟು ತಣ್ಣಗಿರುವ ಯಂತ್ರವಾದರೂ ಒಂದು ದಿನ ಕೆಡುವುದೇ.

ನಿಶ್ಶಬ್ದವಾದ ಕೋಣೆಯಲ್ಲಿ ಕುಳಿತು ಕೇಳಿದಾಗ ಒಂದು ಸಂಗತಿ ತಿಳಿಯಬಂದಿತು. ಟೇಪಿನ ದೋಷವೆಂದು ನಾನು ಅಳಿಸಲು ಹೊರಟಿದ್ದ ಒಂದು ಗುರ್ರ್ ಸದ್ದು ದೋಷವಲ್ಲ, ಬೀಸುವ ಕಲ್ಲಿನ ಸದ್ದು. ತಂದೆಯವರು ಅಜ್ಜಿಯನ್ನು ಸುಮ್ಮನೆ ಕೂರಿಸಿ ಹಾಡಿಸಿರಲಿಲ್ಲ. ಜೋಳ ಬೀಸುತ್ತಿರುವಾಗಲೇ ಹಾಡಿಸಿದ್ದರು. ಕಲ್ಲು ಒಂದು ಸುತ್ತು ಬರುವ ಹೊತ್ತಿಗೆ ಹಾಡಿನ ಒಂದು ಸಾಲು ಮುಗಿಯುತ್ತದೆ. ಹಳೆಯ ಫ್ಯಾನಿನ ಆರ್ಭಟದಲ್ಲಿ ಕಿವಿಗೆ ಇದು ಬಿದ್ದಿರಲೇ ಇಲ್ಲ. ಆ ಸದ್ದನ್ನು ಹಾಗೆಯೇ ಉಳಿಸಿದೆ. ಕಳೆದುಹೋದ ಹನ್ನೆರಡು ನಿಮಿಷಗಳ ಜಾಗದಲ್ಲಿಯೂ ದನಿ ಹೋಗಿದೆಯಾದರೂ, ಕಿವಿಗೊಟ್ಟರೆ ಕಲ್ಲು ತಿರುಗುವುದು ಕೇಳಿಸುತ್ತದೆ.

ನಿಮ್ಮ ಗಣಕಯಂತ್ರವೂ ಬೇಸಿಗೆಯಲ್ಲಿ ಕಾಯುತ್ತಿದ್ದರೆ ನನ್ನ ಸಲಹೆ ಇಷ್ಟೆ: ಮೊದಲು ಧೂಳು ತೆಗೆಯಿರಿ. ಲೇಪ ಒಣಗಿದ್ದರೆ ಬದಲಾಯಿಸಿ. ಹೆಚ್ಚಿನವರಿಗೆ ಅಷ್ಟೇ ಸಾಕು. ಅದಕ್ಕೂ ಮೇಲೆ ನೀರಿನ ಸಾಹಸಕ್ಕೆ ಇಳಿಯುವಿರಾದರೆ, ನೆಲದ ಮೇಲೆ ಪತ್ರಿಕೆ ಹಾಸಿ ಒಂದು ರಾತ್ರಿ ಕಾಯಲು ಮರೆಯದಿರಿ.